ನೆನಪೋಲೆಯೂ ಯಂತ್ರದ ರಾಯಸವೂ

ವಿದ್ವತ್ಪತ್ರಿಕೆಗಳ ಸಂಪಾದಕರೂ ಸಂಸ್ಮರಣಗ್ರಂಥಗಳ ಸಂಪಾದಕರೂ ತಮ್ಮ ಹೊತ್ತನ್ನೆಲ್ಲ ಬಂದ ಲೇಖನಗಳನ್ನು ತಿದ್ದುವುದರಲ್ಲಿ ಕಳೆಯುತ್ತಾರೆಂದು ಹೊರಗಿನವರು ಭಾವಿಸುವುದುಂಟು. ಆ ಕೆಲಸವನ್ನು ಒಮ್ಮೆ ವಹಿಸಿಕೊಂಡವರಿಗೆ ಗೊತ್ತು, ಹೊತ್ತು ಹೆಚ್ಚಾಗಿ ಸಲ್ಲುವುದು ಬಾರದ ಲೇಖನಗಳಿಗೆ. ಮಾತುಕೊಟ್ಟವರಿಗೆ ಮಾತನ್ನು ನೆನಪುಮಾಡಿಕೊಡಬೇಕು. ಕರಡಚ್ಚನ್ನು ತಿದ್ದಲು ತೆಗೆದುಕೊಂಡವರನ್ನು ವಿಚಾರಿಸಬೇಕು. ಲೇಖನವನ್ನು ಪರಿಶೀಲಿಸಿ ಅಭಿಪ್ರಾಯ ಹೇಳುವೆನೆಂದು ಒಪ್ಪಿ ಸುಮ್ಮನಾದವರ ಬಾಗಿಲನ್ನು ಮೆಲ್ಲಗೆ ತಟ್ಟಬೇಕು. ಇಂಥ ಕಾಗದಗಳನ್ನು ಬರೆಯುವುದಕ್ಕೂ, ಯಾರಿಗೆ ಯಾವಾಗ ಬರೆಯಬೇಕೆಂಬುದನ್ನು ನೆನಪಿಡುವುದಕ್ಕೂ ಕೃತಕಬುದ್ಧಿಯ ಸಹಾಯವನ್ನು ಪಡೆಯುವ ರೂಢಿ ಈಚೆಗೆ ನಮ್ಮಲ್ಲಿಯೂ ಬೆಳೆಯುತ್ತಿದೆ. ಲೇಖನಸಂಪುಟವೊಂದರ ಸಂಪಾದನೆಯಲ್ಲಿ ಒಂದು ವರ್ಷಕ್ಕೆ ಮೇಲ್ಪಟ್ಟು ನಾನೂ ಹೀಗೆ ಮಾಡಿ ನೋಡಿದೆನು. ಅದರಿಂದ ತಿಳಿದುಬಂದುದನ್ನು, ಯಂತ್ರವು ಕೆಲಸಮಾಡುವ ಕ್ರಮವನ್ನೂ ಕನ್ನಡದ ಪತ್ರಮರ್ಯಾದೆಯನ್ನೂ ಜೊತೆಗಿಟ್ಟುಕೊಂಡು, ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಮೊದಲು ಹೆಸರಿನ ವಿಚಾರ. ಇಂಗ್ಲಿಷಿನಲ್ಲಿ ‘ಫಾಲೋ ಅಪ್’ ಎಂದು ಕರೆಯುವ ಈ ಕಾಗದಕ್ಕೆ ನಮ್ಮಲ್ಲಿ ಸರ್ವಸಮ್ಮತವಾದ ಹೆಸರಿಲ್ಲ. ಸರ್ಕಾರದ ಕಚೇರಿಗಳಲ್ಲಿ ‘ನೆನಪೋಲೆ’ ಎನ್ನುತ್ತಾರೆ. ಚೆನ್ನಾದ ಮಾತು, ನಾನೂ ಅದನ್ನೇ ಬಳಸುತ್ತೇನೆ. ಅಲ್ಲಿಯೇ ‘ಜ್ಞಾಪನ’ವೆಂಬುದು ಬೇರೊಂದು ಬಗೆಯ ಕಾಗದಕ್ಕೆ ಸಂದುಹೋಗಿದೆ. ವ್ಯಾಪಾರಸ್ಥರ ಮಾತು ‘ತಗಾದೆ’. ಅರಬ್ಬೀ ಮೂಲದಿಂದ ಪಾರಸಿಯ ದಾರಿಯಾಗಿ ಬಂದ ಈ ಶಬ್ದಕ್ಕೆ ಬರಬೇಕಾದುದನ್ನು ಕೇಳುವುದು ಎಂದು ಅರ್ಥ. ಈಗಲಾದರೋ ‘ತಗಾದೆ ತೆಗೆದನು’ ಎಂದರೆ ಜಗಳಕ್ಕೆ ಬಂದನು ಎಂದೇ ಕೇಳಿದವರು ತಿಳಿಯುತ್ತಾರೆ. ಬಾಕಿ ಕೇಳುವ ಮಾತು ಜಗಳದ ಮಾತಾಗುವುದಕ್ಕೆ ಎಷ್ಟು ಸ್ವಲ್ಪ ಸಾಕೆಂಬುದಕ್ಕೆ ಆ ಶಬ್ದದ ಚರಿತ್ರೆಯೇ ಸಾಕ್ಷಿ. ಯಂತ್ರಗಳು ಕೊಡುವ ಅನುವಾದ ‘ಅನುಸರಣಾ ಸಂದೇಶ’. ಇದನ್ನು ಒಪ್ಪುವಂತಿಲ್ಲ. ಅನುಸರಣೆಯೆಂದರೆ ಒಬ್ಬರು ನಡೆದ ದಾರಿಯಲ್ಲಿ ನಡೆಯುವುದು, ಇಲ್ಲವೆ ನಿಯಮವನ್ನು ಪಾಲಿಸುವುದು. ಲೇಖನ ಕೊಡದವರನ್ನು ಸಂಪಾದಕನು ಅನುಸರಿಸಿದರೆ ಅವನೂ ಏನನ್ನೂ ಕೊಡದೆ ಕುಳಿತಿರಬೇಕಾದೀತು. ಮನೆಮಾತಿನಲ್ಲಿ ನಾವು ಇದಕ್ಕೆ ‘ವಿಚಾರಿಸಿಕೊಳ್ಳುವುದು’ ಎನ್ನುತ್ತೇವೆ. ಕಾಯಿಲೆಯವರನ್ನೂ ವಿಚಾರಿಸಿಕೊಳ್ಳುತ್ತೇವೆ, ಬರಬೇಕಾದ ಹಣವನ್ನೂ ವಿಚಾರಿಸಿಕೊಳ್ಳುತ್ತೇವೆ. ಕ್ಷೇಮವನ್ನು ಕೇಳುವುದು, ಕೆಲಸವನ್ನು ಕೇಳುವುದು, ಎರಡೂ ಒಂದೇ ಮಾತಿನಲ್ಲಿವೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಪ್ರಯೋಜನಕ್ಕೆ ಬರುತ್ತದೆ.

ಶ್ರಮವೇನೂ ಹೊಸದಲ್ಲ. ಈಗ ಆಕ್ಸ್‌ಫರ್ಡ್ ನಿಘಂಟೆಂದು ಪ್ರಸಿದ್ಧವಾಗಿರುವ ಮಹಾಕೋಶದ ಸಂಪಾದಕತ್ವವನ್ನು ಜೇಮ್ಸ್ ಮರ್ರೆ ೧೮೭೯ರಲ್ಲಿ ವಹಿಸಿಕೊಂಡಾಗ, ಅದಕ್ಕೆ ಮೊದಲು ಇಪ್ಪತ್ತು ವರ್ಷ ಸ್ವಯಂಸೇವಕರು ಕೂಡಿಹಾಕಿದ್ದ ಉದಾಹರಣೆಯ ಚೀಟಿಗಳು ಎಲ್ಲೆಲ್ಲಿಯೋ ಚೆದರಿಹೋಗಿದ್ದವು. ‘ಎಚ್’ ಅಕ್ಷರದ ಚೀಟಿಗಳು ಇಟಲಿಯ ಫ್ಲಾರೆನ್ಸಿನಲ್ಲಿದ್ದವು. ‘ಪಿ’ ಅಕ್ಷರದ ಮೊದಲ ಭಾಗದ ಚೀಟಿಗಳಲ್ಲಿ ಉಳಿದಷ್ಟು ಐರ್ಲೆಂಡಿನ ಒಂದು ಲಾಯದಲ್ಲಿ ದೊರೆತವು. ಅವನ್ನೆಲ್ಲ ಮರಳಿ ಪಡೆದದ್ದು ಕಾಗದಗಳ ಬಲದಿಂದ. ಆತನು ಆಕ್ಸ್‌ಫರ್ಡಿಗೆ ಬಂದು ನೆಲಸಿದ ಮೇಲೆ ಬರೆಯುತ್ತಿದ್ದ ಪತ್ರಗಳು ಎಷ್ಟಾದುವೆಂದರೆ ಅಂಚೆಯ ಇಲಾಖೆಯವರು ಮನೆಯ ಮುಂದೆಯೇ ಒಂದು ಅಂಚೆಪೆಟ್ಟಿಗೆಯನ್ನು ನಿಲ್ಲಿಸಿಕೊಟ್ಟರು. ನಿಘಂಟಿನ ಮೊದಲ ಸಂಚಿಕೆ ಹೊರಬಂದದ್ದು ೧೮೮೪ರಲ್ಲಿ. ಮರ್ರೆ ತೀರಿಕೊಂಡದ್ದು ೧೯೧೫ರಲ್ಲಿ. ಗ್ರಂಥ ಮುಗಿದದ್ದು ೧೯೨೮ರಲ್ಲಿ. ಪಾಂಡಿತ್ಯದ ಜೊತೆಗೆ ಕೇಳುವ ಸಹನೆಯೂ ಇದ್ದುದರಿಂದ ಆ ಕೆಲಸ ನಡೆಯಿತೆಂದು ಹೇಳಬಹುದು.

ಆ ಸಹನೆಯನ್ನು ಬಿಡಿಸಿ ನೋಡಿದರೆ ಅದರಲ್ಲಿ ಮೂರು ಕೆಲಸಗಳಿವೆ. ಯಾರಿಂದ ಏನು ಎಂದಿನಿಂದ ಬರಬೇಕಾಗಿದೆ ಎಂಬುದನ್ನು ನೆನಪಿಡುವುದು ಒಂದು. ಕೇಳಬೇಕಾದುದನ್ನು ತಕ್ಕ ಮಾತಿನಲ್ಲಿ ಒಕ್ಕಣಿಸುವುದು ಎರಡನೆಯದು. ಈ ಹೊತ್ತು ಕೇಳಬಹುದೇ, ಕೇಳದೆ ಇರುವುದು ಮೇಲೇ ಎಂದು ನಿಶ್ಚಯಿಸುವುದು ಮೂರನೆಯದು. ಕೈಯಿಂದ ಬರೆಯುತ್ತಿದ್ದ ಕಾಲದಲ್ಲಿ ಮೂರೂ ಒಬ್ಬನಲ್ಲೇ ನಡೆಯುತ್ತಿದ್ದುದರಿಂದ ಅವು ಬೇರೆ ಬೇರೆಯೆಂಬುದು ನಮ್ಮ ಗಮನಕ್ಕೆ ಬರುತ್ತಿರಲಿಲ್ಲ. ಯಂತ್ರಕ್ಕೆ ಕೆಲಸವನ್ನು ಒಪ್ಪಿಸಹೊರಟಾಗ ಅವು ಬೇರೆಯಾಗಿ ಕಾಣುತ್ತವೆ.

ಯಂತ್ರವೆಂದು ನಾನು ಕರೆಯುತ್ತಿರುವುದು ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್ ಮೊದಲಾದ ಹೆಸರುಗಳಿಂದ ಬಳಕೆಯಲ್ಲಿರುವ ಭಾಷಾಮಾದರಿಗಳನ್ನು. ಇವಕ್ಕಿಂತ ಹಿಂದೆಯೂ ಚಿಕ್ಕಪುಟ್ಟ ಸೌಕರ್ಯಗಳಿದ್ದವು. ಗೂಗಲ್ ಸಂಸ್ಥೆಯವರು ಬಂದ ಇಮೇಲಿಗೆ ಎರಡು ಮೂರು ಮಾತಿನ ಸಿದ್ಧ ಉತ್ತರಗಳನ್ನು ಸೂಚಿಸುವ ಏರ್ಪಾಡನ್ನು ೨೦೧೫ರಲ್ಲಿ ಮಾಡಿದರು. ಉತ್ತರ ಬಾರದೆ ಉಳಿದ ಹಳೆಯ ಪತ್ರಗಳನ್ನು ಪೆಟ್ಟಿಗೆಯ ಮೇಲ್ಭಾಗಕ್ಕೆ ತಾನಾಗಿ ತಂದು ತೋರಿಸುವ ಏರ್ಪಾಡು ೨೦೧೮ರಲ್ಲಿ ಬಂದಿತು. ಈಗಿನ ಮಾದರಿಗಳಿಗೆ ಆಧಾರವಾದ ‘ಟ್ರಾನ್ಸ್‌ಫಾರ್ಮರ್’ ಎಂಬ ರಚನಾಕ್ರಮ ಪ್ರಕಟವಾದದ್ದು ೨೦೧೭ರಲ್ಲಿ. ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದದ್ದು ೨೦೨೨ರ ನವೆಂಬರ್ ೩೦ರಂದು.

ಅದರ ಕೆಲಸದ ಕ್ರಮವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಅಪಾರವಾದ ಬರೆಹದ ರಾಶಿಯನ್ನು ಅದರ ಮುಂದಿಡುತ್ತಾರೆ. ಒಂದಿಷ್ಟು ಮಾತು ಕೊಟ್ಟರೆ ಅದಾದ ಮೇಲೆ ಯಾವ ಮಾತಿನ ತುಣುಕು ಬರುವ ಸಂಭವ ಎಷ್ಟು ಎಂಬುದನ್ನು ಅದು ಆ ರಾಶಿಯಿಂದ ಅಭ್ಯಾಸಮಾಡುತ್ತದೆ. ಅನಂತರ ಮನುಷ್ಯರು ಅದರ ಉತ್ತರಗಳನ್ನು ಮೆಚ್ಚಿಯೋ ತಳ್ಳಿಯೋ ಅದನ್ನು ಪಳಗಿಸುತ್ತಾರೆ. ನಾವು ಕೇಳಿದಾಗ ಅದು ತುಣುಕಿಗೆ ತುಣುಕು ಸೇರಿಸುತ್ತ ಹೋಗಿ ಉತ್ತರವನ್ನು ಕಟ್ಟುತ್ತದೆ. ಇದರಿಂದ ಎರಡು ಸಂಗತಿಗಳು ಫಲಿಸುತ್ತವೆ. ಅದಕ್ಕೆ ತನ್ನದೆಂಬ ಲೆಕ್ಕದ ಪುಸ್ತಕವಿಲ್ಲ. ಯಾರು ಏನನ್ನು ಕೊಡಬೇಕೆಂಬುದು ನಾವು ಅದರ ಮುಂದೆ ಬರೆದಿಟ್ಟಷ್ಟೇ ಅದಕ್ಕೆ ಗೊತ್ತು. ಹಿಂದಿನ ಸಂಭಾಷಣೆಯ ಸಾರವನ್ನು ಉಳಿಸಿಟ್ಟುಕೊಳ್ಳುವ ಏರ್ಪಾಡುಗಳು ಬಂದಿವೆ, ನಮ್ಮ ಅಂಚೆಪೆಟ್ಟಿಗೆಯನ್ನು ಓದುವ ಅನುಮತಿಯನ್ನೂ ಕೊಡಬಹುದು. ಅವೂ ಮತ್ತೆ ಬರೆಹವಾಗಿಯೇ ಅದರ ಮುಂದೆ ಬರತಕ್ಕವು. ಎರಡನೆಯದು ಇನ್ನೂ ಮುಖ್ಯ. ಬರೆಹದಲ್ಲಿ ಒಂದು ಖಾಲಿ ಜಾಗವಿದ್ದರೆ ಅದನ್ನು ಖಾಲಿಯಾಗಿ ಬಿಡುವುದು ಅದರ ಸ್ವಭಾವಕ್ಕೆ ದೂರ. ಅಂಥ ಜಾಗದಲ್ಲಿ ಸಾಧಾರಣವಾಗಿ ಏನಿರುತ್ತದೆಯೋ ಅದನ್ನು ತುಂಬುವುದೇ ಅದರ ಅಭ್ಯಾಸ.

ಕನ್ನಡದ ಮಟ್ಟಿಗೆ ಇನ್ನೊಂದು ತೊಡಕುಂಟು. ಯಂತ್ರವು ಅಕ್ಷರಗಳನ್ನು ಸಂಖ್ಯೆಗಳಾಗಿ ಕಾಣುತ್ತದೆ. ಬಹುವಾಗಿ ಬಳಕೆಯಲ್ಲಿರುವ ಸಂಕೇತಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೇಕು. ನಾವು ಒಂದೇ ಅಕ್ಷರವೆಂದು ಓದುವ ‘ಸ್ತ್ರೀ’ ಅಲ್ಲಿ ಆರು ಚಿಹ್ನೆ, ಹದಿನೆಂಟು ಬೈಟ್. ಕಲಿಕೆಯ ರಾಶಿಯಲ್ಲಿ ಕನ್ನಡದ ಪಾಲು ಇಂಗ್ಲಿಷಿನ ಪಾಲಿಗಿಂತ ಬಹಳ ಕಡಿಮೆ. ಆದುದರಿಂದ ನಮ್ಮ ಮಾತು ಹೆಚ್ಚು ಸಣ್ಣ ಚೂರುಗಳಾಗಿ ಒಡೆಯುತ್ತದೆ. ಒಂದೇ ವಿಷಯಕ್ಕೆ ಹೆಚ್ಚು ಖರ್ಚು. ಅದಲ್ಲದೆ ಯಂತ್ರವು ಇಂಗ್ಲಿಷಿನ ಅಚ್ಚಿನಲ್ಲಿ ಕನ್ನಡವನ್ನು ಎರೆಯುವ ಪ್ರವೃತ್ತಿಯೂ ಹೆಚ್ಚು.

ನಾನು ಮಾಡಿಕೊಂಡ ಏರ್ಪಾಡು ಸರಳವಾದದ್ದು. ಲೇಖಕರು ಮೂವತ್ತಕ್ಕೆ ಮೇಲ್ಪಟ್ಟಿದ್ದರು. ಒಂದು ಎಕ್ಸೆಲ್ ಹಾಳೆಯಲ್ಲಿ ಹೆಸರು, ವಿಷಯ, ಒಪ್ಪಿಕೊಂಡ ದಿನ, ಕೊಡುವೆನೆಂದ ದಿನ, ಕೊನೆಯ ಸಂಪರ್ಕ, ಹಿಂದೆ ಕಳುಹಿಸಿದ ನೆನಪೋಲೆಗಳ ಸಂಖ್ಯೆ ಎಂದು ಅಂಕಣಗಳನ್ನು ಹಾಕಿದೆನು. ಪ್ರತಿ ಸೋಮವಾರ ಆ ಹಾಳೆಯನ್ನೂ ಅಂದಿನ ತಾರೀಖನ್ನೂ ಯಂತ್ರದ ಮುಂದಿಟ್ಟು, ಈ ವಾರ ಯಾರನ್ನು ವಿಚಾರಿಸಬೇಕು, ಕಾಗದದ ಕರಡೇನು ಎಂದು ಕೇಳುತ್ತಿದ್ದೆನು. ತಾರೀಖನ್ನು ಬರೆದಿಡುವುದನ್ನು ಮರೆಯಬಾರದು. ಇಂದು ಯಾವ ದಿನವೆಂಬುದು ಅದಕ್ಕೆ ತಾನಾಗಿ ತಿಳಿದಿರಲೇಬೇಕೆಂದಿಲ್ಲ.

ನೆನಪಿಡುವ ಕೆಲಸದಲ್ಲಿ ಅದು ಸಲ್ಲಿಸಿದ ಸೇವೆಯನ್ನು ಮನಸಾರೆ ಒಪ್ಪಿಕೊಳ್ಳಬೇಕು. ಮೊದಲನೆಯ ಸೋಮವಾರವೇ ಅದು ಏಳು ಜನರ ಪಟ್ಟಿಯನ್ನು ಕೊಟ್ಟು, ಆಮೇಲೆ ಒಂದು ಸೂಚನೆಯನ್ನು ಸೇರಿಸಿತು: ಇವರಲ್ಲಿ ಇಬ್ಬರು ತಿಂಗಳ ಹಿಂದೆಯೇ ಒಂದೊಂದು ಪ್ರಶ್ನೆ ಕೇಳಿದ್ದಾರೆ, ಸಂಪಾದಕರ ಉತ್ತರ ಹೋದಂತೆ ಕಾಣುವುದಿಲ್ಲ ಎಂದು. ನಿಜವಾಗಿತ್ತು. ಒಬ್ಬರು ಉದ್ಧೃತಪದ್ಯಗಳ ಪಾಠವನ್ನು ಯಾವ ಮುದ್ರಣದಿಂದ ತೆಗೆದುಕೊಳ್ಳಬೇಕೆಂದು ಕೇಳಿದ್ದರು. ಇನ್ನೊಬ್ಬರು ಪುಟಗಳ ಮಿತಿಯನ್ನು ಕೇಳಿದ್ದರು. ಅವರು ನನಗೆ ಬಾಕಿಯೆಂದು ನಾನು ತಿಳಿದಿದ್ದೆನು, ಸಾಲಗಾರನಾಗಿದ್ದವನು ನಾನು. ನೆನಪೋಲೆ ಬರೆಯುವವರೆಲ್ಲರೂ ಬರೆಯುವ ಮೊದಲು ತಮ್ಮ ಕಡೆಯ ಬಾಕಿಯನ್ನು ನೋಡಿಕೊಂಡರೆ ನೆನಪೋಲೆಗಳ ಸಂಖ್ಯೆ ಗಣನೀಯವಾಗಿ ಇಳಿಯುವುದೆಂದು ನನಗೆ ತೋರುತ್ತದೆ.

ಇನ್ನು ಒಕ್ಕಣೆ. ಸಾಹಿತ್ಯದ ಅಧ್ಯಾಪಕರಿಗೆ ಇಲ್ಲಿ ವಿಚಾರಯೋಗ್ಯವಾದ ಸಾಮಗ್ರಿ ಬೇಕಾದಷ್ಟಿದೆ. ಯಂತ್ರದ ಮೊದಲ ಕರಡುಗಳಲ್ಲಿ ಒಂದು ಹೀಗೆ ಆರಂಭವಾಗಿತ್ತು: ‘ಈ ಸಂದೇಶವು ನಿಮ್ಮನ್ನು ಚೆನ್ನಾಗಿ ಕಂಡುಕೊಳ್ಳುತ್ತದೆ ಎಂದು ಭಾವಿಸುತ್ತೇನೆ.’ ಇಂಗ್ಲಿಷು ಬಲ್ಲವರಿಗೆ ಮೂಲ ತಿಳಿಯುತ್ತದೆ. ಬಾರದವರಿಗೆ ಸಂದೇಶವೊಂದು ಪೊಲೀಸಿನವನಂತೆ ತಮ್ಮನ್ನು ಹುಡುಕಿಕೊಂಡು ಬಂದಿದೆಯೆಂಬ ಭಾವನೆ ಬಂದೀತು. ನಮ್ಮ ಹಿರಿಯರ ಪತ್ರಗಳಲ್ಲಿ ‘ಉಭಯಕುಶಲೋಪರಿ’ ಎಂದಿರುತ್ತಿತ್ತು. ತನ್ನ ಕಡೆಯ ಕ್ಷೇಮವನ್ನು ಮೊದಲು ತಿಳಿಸಿ, ಆ ಕಡೆಯ ಕ್ಷೇಮವನ್ನು ಆಮೇಲೆ ಕೇಳಿ, ಅನಂತರ ವಿಷಯಕ್ಕೆ ಬರುತ್ತಿದ್ದರು. ಆ ಸೂತ್ರವನ್ನೇ ಇಂದು ಬರೆದರೆ ಕೃತಕವಾಗುತ್ತದೆಂಬುದು ಸರಿ. ಆದರೆ ಅದರ ಕ್ರಮದಲ್ಲಿ ಒಂದು ವಿವೇಕವಿತ್ತು: ಕೇಳುವವನು ಮೊದಲು ತಾನು ಏನನ್ನಾದರೂ ಕೊಡುತ್ತಿದ್ದನು, ತನ್ನ ಸುದ್ದಿಯನ್ನಾದರೂ.

ಸಂಬೋಧನೆಯದು ಇನ್ನೂ ಸೂಕ್ಷ್ಮ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಸರ್ವನಾಮ; ನಮಗೆ ನೀನು, ನೀವು, ತಾವು ಎಂದು ಮೂರು. ಯಂತ್ರವು ‘ತಾವು’ ಎಂದು ಆರಂಭಿಸಿ ಮುಂದಿನ ವಾಕ್ಯದಲ್ಲಿ ‘ನಿಮ್ಮ ಲೇಖನ’ಕ್ಕೆ ಇಳಿಯುತ್ತಿತ್ತು. ಆಡುವ ಮಾತಿನಲ್ಲಿ ನಾವೂ ಹೀಗೆ ಬೆರಸುತ್ತೇವೆ. ದನಿಯೂ ಮುಖವೂ ಅದನ್ನು ಸರಿತೂಗಿಸುತ್ತವೆ. ಬರೆಹದಲ್ಲಿ ಹಿರಿಯರ ಕಣ್ಣಿಗೆ ಅದು ಬಿದ್ದೇ ಬೀಳುತ್ತದೆ. ಎಂಬತ್ತು ದಾಟಿದ ವಿದ್ವಾಂಸರೊಬ್ಬರಿಗೆ ‘ಪ್ರಿಯ’ ಎಂಬ ಸಂಬೋಧನೆಯನ್ನು ಸೂಚಿಸಿದ್ದೂ ಉಂಟು.

‘ದಯವಿಟ್ಟು’ ಎಂಬುದನ್ನು ಯಂತ್ರ ವಾಕ್ಯಕ್ಕೊಂದರಂತೆ ಎರಚುತ್ತದೆ. ಕನ್ನಡದಲ್ಲಿ ಮರ್ಯಾದೆಯು ಆ ಒಂದು ಶಬ್ದದಲ್ಲಿ ನೆಲಸಿಲ್ಲ, ಕ್ರಿಯಾಪದದ ಒಡಲಲ್ಲಿದೆ. ‘ಕಳುಹಿಸಿ’ ಎಂಬುದು ಆಜ್ಞೆ. ‘ಕಳುಹಿಸಿಕೊಡಿ’ ಎಂದೊಡನೆ, ‘ಕೊಡು’ ಎಂಬ ಸಹಾಯಧಾತು ಸೇರಿದ ಮಾತ್ರದಿಂದ, ಅದು ಕೇಳುವವನಿಗೆ ಮಾಡುವ ಉಪಕಾರವಾಗುತ್ತದೆ. ‘ಕಳುಹಿಸಿಕೊಡಬೇಕಾಗಿ ಪ್ರಾರ್ಥನೆ’ ಎಂದರೆ ಇನ್ನೊಂದು ಮೆಟ್ಟಲು. ಹಳೆಯ ಮೈಸೂರಿನ ಹಿರಿಯರು ‘ದಯಮಾಡಿಸೋಣವಾಗಲಿ’ ಎನ್ನುತ್ತಿದ್ದರು. ಅಲ್ಲಿ ಕರ್ತೃವನ್ನು ಹೆಸರಿಸುವ ಧೈರ್ಯವನ್ನೇ ಮಾತು ಮಾಡುವುದಿಲ್ಲ. ಬಿಡುವಿನ ವಿಷಯದಲ್ಲಿಯೂ ಹೀಗೆಯೇ. ‘ತಮಗೆ ಬಿಡುವಾದಾಗ’ ಎಂದರೆ ಬಿಡುವು ತಾನಾಗಿ ಅವರ ಬಳಿಗೆ ಬರಲೆಂದು ಕಾದಂತೆ. ‘ತಾವು ಬಿಡುವು ಮಾಡಿಕೊಂಡು’ ಎಂದರೆ ಸ್ವಲ್ಪ ತಳ್ಳಿದಂತೆ. ‘ಆದಷ್ಟು ಬೇಗನೆ’ ಎಂದರೆ ಇನ್ನಷ್ಟು. ‘ಇನ್ನು ತಡಮಾಡದೆ’ ಎಂದಾಗ ಅಸಮಾಧಾನ ತಲೆದೋರಿತು. ಯಂತ್ರಕ್ಕೆ ‘ಸ್ವಲ್ಪ ಬಿಗಿಯಾಗಿ ಬರೆ’ ಎಂದರೆ ನಡುವಣ ಮೆಟ್ಟಲುಗಳನ್ನೆಲ್ಲ ಬಿಟ್ಟು ‘ತಕ್ಷಣವೇ’ ಎಂಬಲ್ಲಿಗೆ ಹಾರುತ್ತಿತ್ತು.

ಎಲ್ಲಕ್ಕಿಂತ ಮಿಗಿಲಾದುದು ಕರ್ತೃಪದದ ವಿಚಾರ. ‘ನೀವು ಲೇಖನವನ್ನು ಇನ್ನೂ ಕಳುಹಿಸಿಲ್ಲ’ ಎಂಬ ವಾಕ್ಯದಲ್ಲಿ ತಪ್ಪು ಮಾಡಿದವರು ಮೊದಲ ಪದದಲ್ಲೇ ನಿಂತಿದ್ದಾರೆ. ‘ಲೇಖನ ಇನ್ನೂ ನನ್ನ ಕೈಸೇರಲಿಲ್ಲ’ ಎಂಬಲ್ಲಿ ಯಾರೂ ಏನೂ ಮಾಡಿಲ್ಲ; ಲೇಖನವೊಂದು ದಾರಿಯಲ್ಲಿದೆ, ಅಷ್ಟೆ. ‘ಅಂಚೆಯಲ್ಲಿ ಎಲ್ಲಿಯಾದರೂ ತಪ್ಪಿತೋ ಏನೋ’ ಎಂದು ಸೇರಿಸಿ ಹಿಂದಿನವರು ಲೇಖಕರಿಗೆ ನೆಪವನ್ನೂ ತಾವೇ ಒದಗಿಸುತ್ತಿದ್ದರು. ಅಂಚೆ ತಪ್ಪಿಲ್ಲವೆಂದು ಇಬ್ಬರಿಗೂ ಗೊತ್ತು. ಇಮೇಲಿನ ಕಾಲದಲ್ಲಿ ಆ ಪುಣ್ಯವನ್ನು ಸ್ಪ್ಯಾಮ್ ಪೆಟ್ಟಿಗೆ ಕಟ್ಟಿಕೊಂಡಿದೆ. ಸಕರ್ಮಕ ಅಕರ್ಮಕಗಳ ಭೇದವನ್ನು ತರಗತಿಯಲ್ಲಿ ಬೋಧಿಸುವಾಗ ಇಂಥ ಉದಾಹರಣೆಗಳನ್ನು ಕೊಟ್ಟರೆ ವಿದ್ಯಾರ್ಥಿಗಳಿಗೆ ವ್ಯಾಕರಣದ ಪ್ರಯೋಜನ ಮನಸ್ಸಿಗೆ ಹತ್ತೀತೆಂದು ಪ್ರಾಸಂಗಿಕವಾಗಿ ಸೂಚಿಸುತ್ತೇನೆ.

ಈ ದೋಷಗಳಿಗೆ ಪರಿಹಾರವುಂಟು. ಯಂತ್ರವು ತನ್ನ ಮುಂದಿರುವ ಬರೆಹದ ಜಾಡನ್ನು ಹಿಡಿಯುವುದರಿಂದ, ನಾನು ಹಿಂದೆ ಕೈಯಾರೆ ಬರೆದಿದ್ದ ಹತ್ತು ಹನ್ನೆರಡು ಕಾಗದಗಳನ್ನು, ಹೆಸರುಗಳನ್ನು ತೆಗೆದು, ಮಾದರಿಯಾಗಿ ಕೊಟ್ಟೆನು. ಹಾಳೆಯಲ್ಲಿ ‘ಸಂಬಂಧ’ವೆಂಬ ಅಂಕಣವನ್ನು ಸೇರಿಸಿ ಗುರುಗಳು, ಸಮವಯಸ್ಕರು, ಶಿಷ್ಯರು ಎಂದೂ, ಯಾರಿಗೆ ‘ತಾವು’ ಯಾರಿಗೆ ‘ನೀವು’ ಎಂದೂ ನಮೂದಿಸಿದೆನು. ಮೂರು ನಾಲ್ಕು ವಾರಗಳಲ್ಲಿ ಒಕ್ಕಣೆ ಎಷ್ಟು ಸುಧಾರಿಸಿತೆಂದರೆ, ಕರಡುಗಳಲ್ಲಿ ನನ್ನ ಬರೆಹದ ಚಾಳಿಗಳನ್ನೇ ಕಾಣತೊಡಗಿದೆನು. ಸಂತೋಷವಾಯಿತು. ಓದಿ ಕಳುಹಿಸುತ್ತಿದ್ದವನು ಕಣ್ಣಾಡಿಸಿ ಕಳುಹಿಸತೊಡಗಿದೆನು. ಕೆಲವು ವಾರಗಳಾದ ಮೇಲೆ ಕಣ್ಣಾಡಿಸುವುದೂ ನಿಂತಿತು.

ಆಗ ಒಂದು ಸೋಮವಾರ ಹನ್ನೊಂದು ಕಾಗದಗಳನ್ನು ಒಟ್ಟಿಗೆ ಒಪ್ಪಿ ಕಳುಹಿಸಿದೆನು. ಅವುಗಳಲ್ಲೊಂದು ರಗಳೆಯ ಲಯವನ್ನು ಕುರಿತು ಬರೆಯಲು ಒಪ್ಪಿದ್ದ ಹಿರಿಯರೊಬ್ಬರಿಗೆ. ಹಾಳೆಯಲ್ಲಿ ಅವರ ಹೆಸರಿನ ಮುಂದೆ ‘ಕೊನೆಯ ಸಂಪರ್ಕ: ದೂರವಾಣಿ, ಮಾರ್ಚ್ ೧೨’ ಎಂದು ಮಾತ್ರ ಇತ್ತು. ಬರೆದವನು ನಾನೇ. ಆ ದಿನ ಅವರು ಏನು ಹೇಳಿದರೆಂಬುದನ್ನು ಬರೆದಿರಲಿಲ್ಲ. ಬರೆಯುವಂಥ ಮಾತೂ ಅದಾಗಿರಲಿಲ್ಲ. ಯಂತ್ರದ ಕಾಗದ ಹೀಗಿತ್ತು: ‘ಮಾರ್ಚ್ ೧೨ರಂದು ದೂರವಾಣಿಯಲ್ಲಿ ತಾವು ಮಾತುಕೊಟ್ಟಂತೆ ಲೇಖನವು ತಿಂಗಳ ಕೊನೆಯೊಳಗೆ ಕೈಸೇರಬೇಕಾಗಿತ್ತು. ಇದು ಕೊನೆಯ ನೆನಪೋಲೆಯೆಂದು ತಾವು ಭಾವಿಸಬೇಕಾಗಿ ವಿಜ್ಞಾಪನೆ.’

ಹತ್ತು ದಿನಗಳಾದ ಮೇಲೆ ಅಂಚೆಯಲ್ಲಿ ಒಂದು ಕಾರ್ಡು ಬಂದಿತು. ಆ ದಿನ ಲೇಖನದ ಮಾತನ್ನೇ ತಾವು ಆಡಲಿಲ್ಲವೆಂದು ತಮ್ಮ ನೆನಪು, ನಮ್ಮ ಮನೆಯವಳು ಹೋದ ಸುದ್ದಿಯನ್ನು ತಿಳಿಸಿದ್ದೆ, ತಮಗೆ ಮರೆತಿರಬಹುದು ಎಂದು ಬರೆದಿದ್ದರು.

ನಾನು ಅವರ ಮನೆಗೆ ಹೋದೆನು. ಕಾಗದವನ್ನು ಯಂತ್ರ ಬರೆಯಿತೆಂದು ಹೇಳುವುದಕ್ಕೆ ಬಾಯಿ ಬರಲಿಲ್ಲ, ಏಕೆಂದರೆ ಅದರ ಕೆಳಗೆ ಇದ್ದುದು ನನ್ನ ಹೆಸರು. ಕ್ಷಮೆ ಕೇಳಿದೆನು. ಕಾಫಿ ತರಿಸಿಕೊಟ್ಟರು, ಬೇರೆ ವಿಷಯಗಳನ್ನು ಮಾತನಾಡಿದರು. ಸಂಪುಟ ಆ ಲೇಖನವಿಲ್ಲದೆಯೇ ಅಚ್ಚಾಯಿತು.

ನಡೆದುದೇನೆಂಬುದನ್ನು ಆಮೇಲೆ ಶಾಂತವಾಗಿ ನೋಡಿದೆನು. ದೂರವಾಣಿಯ ಮಾತಿನ ಮುಂದೆ ಹಾಳೆಯಲ್ಲಿ ಖಾಲಿ ಜಾಗವಿತ್ತು. ನೆನಪೋಲೆಗಳ ಪ್ರಪಂಚದಲ್ಲಿ ದೂರವಾಣಿಯ ಸಂಭಾಷಣೆಯ ಕೊನೆಗೆ ಸಾಧಾರಣವಾಗಿ ಬರುವುದು ಒಂದು ವಾಗ್ದಾನ. ಯಂತ್ರವು ಅದನ್ನು ತುಂಬಿತು. ಅದು ಸುಳ್ಳು ಹೇಳಿತೆನ್ನುವುದು ಸರಿಯಲ್ಲ. ನಿಜವನ್ನು ಅದು ಬಲ್ಲದ್ದೇ ಇಲ್ಲ. ನನಗೆ ಹೆಚ್ಚು ಕಂಗೆಡಿಸಿದ ಸಂಗತಿ ಬೇರೆ. ಯಂತ್ರದ ಕನ್ನಡ ಮೊದಲಿನಂತೆ ಒರಟಾಗಿಯೇ ಇದ್ದಿದ್ದರೆ ಆ ಹಿರಿಯರು ಇದು ಯಾವುದೋ ಕಚೇರಿಯ ಕಾಗದವೆಂದು ಬಗೆದು ಬದಿಗಿಡುತ್ತಿದ್ದರು, ಅಥವಾ ನಾನೇ ಕಳುಹಿಸುವ ಮೊದಲು ಎಚ್ಚರಗೊಳ್ಳುತ್ತಿದ್ದೆನು. ಒಕ್ಕಣೆಯನ್ನು ನನ್ನ ಕೈಬರೆಹದ ಹದಕ್ಕೆ ತಂದವನು ನಾನು. ‘ತಾವು’ ತಪ್ಪಿರಲಿಲ್ಲ, ‘ಕೈಸೇರಬೇಕಾಗಿತ್ತು’ ಎಂಬಲ್ಲಿ ಕರ್ತೃದೋಷವೂ ಇರಲಿಲ್ಲ. ನಲವತ್ತು ವರ್ಷ ನನ್ನ ಕಾಗದಗಳನ್ನು ಓದಿದ್ದವರಿಗೆ ಅದು ನನ್ನ ದನಿಯೆಂದೇ ಕೇಳಿಸಿತು.

ನಮ್ಮ ಶಾಸನಗಳನ್ನು ಬಲ್ಲವರಿಗೆ ಈ ಸನ್ನಿವೇಶ ಅಪರಿಚಿತವಲ್ಲ. ಅರಸನ ಕಾಗದವನ್ನು ಅರಸನೇ ಬರೆಯುತ್ತಿರಲಿಲ್ಲ, ಅದಕ್ಕೆ ರಾಯಸದವರಿದ್ದರು. ರಾಯಸ ಕೊಂಡಮರಸನಂಥವರು ಆ ಹೆಸರಿನಿಂದಲೇ ದೊಡ್ಡ ಅಧಿಕಾರಿಗಳಾದರು. ಕೃಷ್ಣದೇವರಾಯನ ಕಾಲದ ಅನೇಕ ತಾಮ್ರಶಾಸನಗಳನ್ನು ರಚಿಸಿದವನು ಸಭಾಪ‌ತಿಯೆಂಬ ಕವಿ. ತಗಡಿನ ಮೇಲೆ ಕೊರೆದವರು ಆಚಾರಿಗಳು. ಭಾಷೆ ಸಂಸ್ಕೃತ, ಲಿಪಿ ನಂದಿನಾಗರಿ. ಆದರೆ ಕೊನೆಯಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ಅರಸನ ಒಪ್ಪವಿರುತ್ತದೆ, ಅದು ಕನ್ನಡದ ಅಕ್ಷರಗಳಲ್ಲಿ. ಉಳಿದುದೆಲ್ಲ ಬೇರೆಯವರ ಕೈಯಾದರೂ ದಾನ ಅರಸನದಾಗುವುದು ಆ ಒಪ್ಪದಿಂದ. ಸಹಿಗೆ ನಾವು ಬಳಸುತ್ತಿದ್ದ ‘ಒಪ್ಪ’ವೂ, ಸಮ್ಮತಿಸುವುದೆಂಬ ಅರ್ಥದ ‘ಒಪ್ಪು’ವೂ ಒಂದೇ ಬುಡದವು. ಯಂತ್ರದಿಂದ ರಾಯಸವನ್ನು ಬರೆಯಿಸಿಕೊಳ್ಳುವುದರಲ್ಲಿ ಲಜ್ಜೆಪಡಬೇಕಾದದ್ದಿಲ್ಲ. ಹನ್ನೊಂದು ಕಾಗದಗಳಿಗೆ ನಾನು ಒಪ್ಪವನ್ನು ಹಾಕಿದೆನು, ಒಂದನ್ನೂ ಒಪ್ಪಿರಲಿಲ್ಲ.

ಯಂತ್ರಕ್ಕೆ ಆ ಹಿರಿಯರ ಮನೆಯ ಸುದ್ದಿ ಗೊತ್ತಿದ್ದಿದ್ದರೆ ಅದು ಹಾಗೆ ಬರೆಯುತ್ತಿರಲಿಲ್ಲವೆಂದು ಮಿತ್ರರೊಬ್ಬರು ವಾದಿಸಿದರು. ಇದ್ದೀತು. ಆದರೆ ಒಬ್ಬರು ದುಃಖದಲ್ಲಿ ನನ್ನೊಡನೆ ಆಡಿದ ಮಾತನ್ನು ಹಾಳೆಯ ಅಂಕಣದಲ್ಲಿ ಬರೆದು, ದೂರದ ಯಾವುದೋ ಸಂಸ್ಥೆಯ ಗಣಕಗಳಿಗೆ ಪ್ರತಿ ಸೋಮವಾರ ಕಳುಹಿಸುವುದು ನ್ಯಾಯವೇ? ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಅಧಿನಿಯಮವು ಇಂಥ ವಿಷಯಗಳಿಗೆ ಸಂಬಂಧಿಸಿದ್ದು. ಕಾನೂನಿನ ಮಾತು ಹಾಗಿರಲಿ, ಆ ಸುದ್ದಿ ನನಗೆ ಹೇಳಿದ್ದು, ನನ್ನ ಹಾಳೆಗೆ ಹೇಳಿದ್ದಲ್ಲ. ಹೇಳದಿದ್ದರೆ ಯಂತ್ರ ತಪ್ಪುತ್ತದೆ, ಹೇಳಿದರೆ ನಾನು ತಪ್ಪುತ್ತೇನೆ. ಕೇಳಬಹುದೇ ಕೇಳಬಾರದೇ ಎಂಬ ಮೂರನೆಯ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವಂತಿಲ್ಲವೆಂದು ನಾನು ತೀರ್ಮಾನಿಸಿದ್ದು ಈ ಕಾರಣದಿಂದ. ಅದಕ್ಕೆ ಬೇಕಾದ ತಿಳಿವಳಿಕೆ ಬಹುಮಟ್ಟಿಗೆ ಬರೆದಿಡಬಾರದ ತಿಳಿವಳಿಕೆ.

ಅಂಚೆಪೆಟ್ಟಿಗೆಯನ್ನೇ ಯಂತ್ರಕ್ಕೆ ತೆರೆದುಕೊಟ್ಟು, ಓದುವುದನ್ನೂ ಕಳುಹಿಸುವುದನ್ನೂ ಅದಕ್ಕೇ ಬಿಡುವವರಿದ್ದಾರೆ. ಅವರಿಗೆ ಒಂದು ಎಚ್ಚರಿಕೆ. ಬಂದ ಕಾಗದದ ಒಡಲಲ್ಲಿ ಯಾರಾದರೂ ಒಂದು ಆಜ್ಞೆಯನ್ನು ಅಡಗಿಸಿಟ್ಟಿದ್ದರೆ, ಅದು ಯಜಮಾನನ ಮಾತೋ ಹೊರಗಿನವರ ಮಾತೋ ಎಂಬ ವಿವೇಚನೆಯಲ್ಲಿ ಯಂತ್ರ ಮೋಸಹೋಗುವುದುಂಟು. ಏಕೆಂದರೆ ಎರಡೂ ಅದಕ್ಕೆ ಮುಂದಿಟ್ಟ ಬರೆಹವೇ. ೨೦೨೨ರಿಂದ ಈ ದೋಷಕ್ಕೆ ಬೇರೆ ಹೆಸರೇ ಏರ್ಪಟ್ಟಿದೆ, ಪೂರ್ಣವಾದ ಪರಿಹಾರ ಇನ್ನೂ ದೊರೆತಿಲ್ಲ.

ಈಗ ನನ್ನ ಏರ್ಪಾಡು ಹೀಗಿದೆ. ಪಟ್ಟಿಯನ್ನು ಯಂತ್ರ ಕೊಡುತ್ತದೆ, ಕರಡನ್ನೂ ಬರೆಯುತ್ತದೆ. ಹಾಳೆಯಲ್ಲಿ ಬರೆದಿಲ್ಲದ ಯಾವ ಮಾತನ್ನೂ ಲೇಖಕರ ಬಾಯಿಗೆ ಹಾಕಬಾರದೆಂದೂ, ತಿಳಿಯದ ಕಡೆ ಖಾಲಿ ಗೆರೆಯನ್ನು ಬಿಡಬೇಕೆಂದೂ ಮೊದಲೇ ವಿಧಿಸಿದ್ದೇನೆ. ಹೆಚ್ಚಾಗಿ ಪಾಲಿಸುತ್ತದೆ, ಯಾವಾಗಲೂ ಅಲ್ಲ. ಆದುದರಿಂದ ಒಂದೊಂದು ಕಾಗದವನ್ನೂ ಗಟ್ಟಿಯಾಗಿ ಓದಿ ಕಳುಹಿಸುತ್ತೇನೆ. ಮೌನವಾಗಿ ಓದಿದರೆ ಕಣ್ಣು ಜಾರುತ್ತದೆ. ಗಟ್ಟಿಯಾಗಿ ಓದುವಾಗ ಈ ಮಾತನ್ನು ಇವರ ಎದುರಿಗೆ ನಿಂತು ಆಡಬಲ್ಲೆನೇ ಎಂಬುದು ನಾಲಗೆಗೆ ತಿಳಿಯುತ್ತದೆ. ವಾರಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಮೊದಲು ಒಂದು ಹಗಲು ಹಿಡಿಯುತ್ತಿತ್ತು.

ಹಾಳೆಗೆ ಇನ್ನೊಂದು ಅಂಕಣ ಸೇರಿದೆ. ಅದಕ್ಕೆ ಹೆಸರಿಲ್ಲ. ಅಲ್ಲಿ ಒಂದು ಚುಕ್ಕೆಯಿದ್ದರೆ ಆ ಹೆಸರನ್ನು ದಾಟಿ ಮುಂದೆ ಹೋಗಬೇಕೆಂದು ಯಂತ್ರಕ್ಕೆ ಹೇಳಿದ್ದೇನೆ, ಏತಕ್ಕೆಂದು ಹೇಳಿಲ್ಲ. ಸದ್ಯಕ್ಕೆ ಮೂರು ಹೆಸರುಗಳ ಮುಂದೆ ಚುಕ್ಕೆಯಿದೆ. ಅವರನ್ನು ವಿಚಾರಿಸಿಕೊಳ್ಳುವ ಕಾಗದವನ್ನು ನಾನೇ ಬರೆಯುತ್ತೇನೆ; ಲೇಖನದ ಪ್ರಸ್ತಾಪ ಅದರಲ್ಲಿ ಇರುವುದಿಲ್ಲ.